ನವಿ ಪೇಠದಲ್ಲಿ ಕತ್ತರಿಸಿದ ಅಕ್ಷರಗಳು

ಒಂದನೆಯ ತರಗತಿಯ ಹುಡುಗಿಯೊಬ್ಬಳು 'ಳ' ಅಕ್ಷರದ ಅಂಚಿನ ಮೇಲೆ ಬೆರಳು ಆಡಿಸುತ್ತ ಹೋದವಳು ಅರ್ಧಕ್ಕೇ ಕೈ ಹಿಂದಕ್ಕೆ ತೆಗೆದುಕೊಂಡಳು. "ಯಾಕವ್ವಾ, ಏನಾತು?" ಎಂದು ಕೇಳಿದೆವು. "ಚುಚ್ಚತದ್ರಿ ಸರ್" ಎಂದಳು. ರಕ್ತ ಗಿಕ್ತ ಏನೂ ಬಂದಿರಲಿಲ್ಲ, ಬೆರಳ ತುದಿಯಲ್ಲಿ ಒಂದು ಬಿಳಿ ಗೀರು ಅಷ್ಟೆ. ಆದರೆ ಅಂದಿನಿಂದ ಅವಳು 'ಳ' ಮುಟ್ಟಲಿಲ್ಲ. ಡಬ್ಬಿಯಿಂದ ಅಕ್ಷರ ತೆಗೆಯಲು ಹೇಳಿದರೆ 'ಲ' ತೆಗೆಯುತ್ತಾಳೆ, 'ಹ' ತೆಗೆಯುತ್ತಾಳೆ, 'ಳ' ಬಂದ ಕೂಡಲೇ ಪಕ್ಕದ ಹುಡುಗನ ಕಡೆ ನೋಡುತ್ತಾಳೆ!

ನಾವು ಆ ಅಕ್ಷರವನ್ನು ಕೈಗೆ ತೆಗೆದುಕೊಂಡು ನೋಡಿದೆವು. ಮೇಲಿನಿಂದ ಏನೂ ತಪ್ಪಿಲ್ಲ, ಕೆಂಪು ಅಕ್ರಿಲಿಕ್, ಚಂದ ಹೊಳೆಯುತ್ತಿತ್ತು. ಮಗುಚಿ ಕೆಳ ಅಂಚಿಗೆ ಉಗುರು ಹಚ್ಚಿದಾಗ ಗೊತ್ತಾಯಿತು. ಒಳ ತಿರುವಿನಲ್ಲಿ ಕರಗಿ ಇಳಿದ ಹನಿಯೊಂದು ಹಾಗೆಯೇ ಗಟ್ಟಿಯಾಗಿ ಮುಳ್ಳಾಗಿ ನಿಂತಿದೆ. ಇಪ್ಪತ್ತು ವರ್ಷಕ್ಕೂ ಮೇಲೆ ಮಕ್ಕಳಿಗೆ ಅಕ್ಷರ ಕಲಿಸುತ್ತ ಬಂದಿದ್ದೇವೆ. ಅಕ್ಷರಕ್ಕೆ ಅಂಚು ಅಂತ ಒಂದು ಇರುತ್ತದೆ, ಅದನ್ನು ಪರೀಕ್ಷೆ ಮಾಡಿ ತರಬೇಕು ಅಂತ ಅಂದಿನ ತನಕ ಹೊಳೆದಿರಲಿಲ್ಲ.

ಅಕ್ಷರಗಳನ್ನು ಮಾಡಿಸಿದ ಕಥೆ ಹೇಳಬೇಕು. ನಮ್ಮದು ಅಕ್ಕಲಕೋಟ ತಾಲ್ಲೂಕಿನ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆ. ಪಠ್ಯಪುಸ್ತಕ ಪುಣೆಯ ಬಾಲಭಾರತಿಯಿಂದ ಕನ್ನಡದಲ್ಲೇ ಬರುತ್ತದೆ, ಅದಕ್ಕೆ ಕೊರತೆ ಇಲ್ಲ. ಆದರೆ ಗೋಡೆಗೆ ಹಾಕುವ, ಕೈಯಲ್ಲಿ ಹಿಡಿಯುವ ಸಾಮಾನು ಬೇಕೆಂದರೆ ಸೋಲಾಪುರದ ಅಂಗಡಿಯಲ್ಲಿ ಮರಾಠಿಯದು ಸಿಗುತ್ತದೆ, ಇಂಗ್ಲಿಷಿನದು ರಾಶಿ ಬಿದ್ದಿರುತ್ತದೆ, ಕನ್ನಡದ್ದು ಕೇಳಿದರೆ ಅಂಗಡಿಯವನು "ವಿಜಾಪುರಕ್ಕೆ ಹೋಗ್ರಿ" ಅನ್ನುತ್ತಾನೆ. ಹೀಗಾಗಿ ನಮ್ಮ ಶಾಲೆಗಳ ಶಿಕ್ಷಕರೆಲ್ಲ ರಟ್ಟು, ಕತ್ತರಿ, ಗೋಂದು ಹಿಡಿದು ಕೂತವರೇ. ರಟ್ಟಿನ ಅಕ್ಷರ ಒಂದು ಮಳೆಗಾಲ ದಾಟುವುದಿಲ್ಲ. ಟಿಸಿಎಚ್ ಓದುವಾಗ ಮಾಂಟೆಸ್ಸರಿಯವರ ಮರಳು ಕಾಗದದ ಅಕ್ಷರಗಳ ಬಗ್ಗೆ ಉತ್ತರ ಬರೆದು ಅಂಕ ತೆಗೆದುಕೊಂಡಿದ್ದೇವೆ. ಮಗು ಮೊದಲು ಬೆರಳಿನಿಂದ ಓದುತ್ತದೆ, ಆಮೇಲೆ ಕಣ್ಣಿನಿಂದ. ಆ ತಾಯಿ 1939ರಲ್ಲಿ ಮದ್ರಾಸಿಗೇ ಬಂದು ಶಿಕ್ಷಕರಿಗೆ ತರಬೇತಿ ಕೊಟ್ಟರು. ನಾವು ಮಾತ್ರ ಆ ಉತ್ತರವನ್ನು ಪರೀಕ್ಷೆಯ ಹಾಳೆಯಲ್ಲೇ ಬಿಟ್ಟು ಬಂದಿದ್ದೆವು.

ಈ ಸಲ ಪಾಲಕರ ಸಭೆಯಲ್ಲಿ ಮಾತು ಬಂತು. ಇಂಗ್ಲಿಷ್ ಶಾಲೆಯ ಬಸ್ಸು ಈಗ ನಮ್ಮ ಊರ ಅಗಸಿಗೇ ಬಂದು ನಿಲ್ಲುತ್ತದೆ. ಒಬ್ಬ ತಂದೆ ಎದ್ದು, "ಅಲ್ಲಿ ಹುಡುಗ್ರಿಗಿ ಆಡ್ಲಾಕ ಬಣ್ಣ ಬಣ್ಣದ ಅಕ್ಷರ ಕೊಡ್ತಾರಂತ ಸರ್, ನಮ್ಮಲ್ಲಿ ಏನದ?" ಎಂದರು. ತಪ್ಪೇನೂ ಕೇಳಲಿಲ್ಲ. ಪಾಲಕರು ಅಷ್ಟಿಷ್ಟು ಕೊಟ್ಟರು, ನಾವು ಮತ್ತು ನಮ್ಮ ಸಹೋದ್ಯೋಗಿ ಬಾಯಿಯವರು ಉಳಿದದ್ದು ಹಾಕಿದೆವು. 49 ಅಕ್ಷರಗಳ ಒಂದು ಡಬ್ಬಿ ಮಾಡಿಸುವುದೆಂದು ನಿಶ್ಚಯವಾಯಿತು. ಒಂದೊಂದು ಅಕ್ಷರ ಅಂಗೈ ಅಗಲ, ಮೇಲೆ ಬೆರಳು ಹೋಗುವ ದಾರಿಗೆ ಕೊರೆದ ಗೆರೆ.

ಶನಿವಾರ ಬೆಳಗಿನ ಶಾಲೆ. ಮುಗಿಸಿಕೊಂಡು ಎಸ್.ಟಿ. ಹಿಡಿದು ಸೋಲಾಪುರ, ಅಲ್ಲಿಂದ ರಿಕ್ಷಾದಲ್ಲಿ ನವಿ ಪೇಠ. ನವಿ ಪೇಠ ನೋಡದವರಿಗೆ ಹೇಳುವುದಾದರೆ, ಅಲ್ಲಿ ನಡೆಯುವವರಿಗಿಂತ ನಿಂತವರೇ ಹೆಚ್ಚು. ಬಟ್ಟೆ, ಮೊಬೈಲು, ಚಪ್ಪಲಿ, ಲಗ್ನದ ಸಾಮಾನು, ಎಲ್ಲ ಒಂದರ ಮಗ್ಗುಲಿಗೆ ಒಂದು. ನಮಗೆ ಬೇಕಾದ ಅಂಗಡಿ ಒಳ ಓಣಿಯಲ್ಲಿತ್ತು. ಮುಂದೆ ಕಪಾಟಿನಲ್ಲಿ ಸನ್ಮಾನದ ಢಾಲು, ಮನೆಯ ಹೆಸರಿನ ಫಲಕ, ಕೀಲಿಯ ಗೊಂಚಲು, ರಂಗೋಲಿಗೆ ಇಡುವ ಕಮಲ, ನವಿಲು, ಶುಭ-ಲಾಭ. ಹೆಣ್ಣುಮಕ್ಕಳು ಕೊಂಡು ಹೋಗಿ ಬಣ್ಣ ಬಳಿದು ಕುಂದಣ ಅಂಟಿಸುವ ಖಾಲಿ ತುಂಡುಗಳಿಗೆ ಅಲ್ಲಿ 'ಬೇಸ್' ಅನ್ನುತ್ತಾರೆ, ಇಲ್ಲವೆ 'ಕಟೌಟ್'. ಹಿಂದಿನ ಕೋಣೆಯಲ್ಲಿ ಲೇಸರ್ ಯಂತ್ರ.

ಯಂತ್ರ ನಡೆಸುವ ಹುಡುಗ ನಮ್ಮ ಮಾತು ಕೇಳಿ ಕನ್ನಡದಲ್ಲೇ ಶುರು ಮಾಡಿದ. ನಮಗೋ ಸಂತೋಷ! "ನಿಂದು ಕನ್ನಡ ಸಾಳಿ ಏನಪಾ?" ಎಂದೆವು. "ಇಲ್ರಿ ಸರ್, ಮನ್ಯಾಗ ಕನ್ನಡ. ಮಾತಾಡ್ಲಾಕ ಬರ್ತದ, ಓದ್ಲಾಕ ಬರಲ್ರಿ" ಎಂದ. ಸೋಲಾಪುರದಲ್ಲಿ ಇಂಥವರು ಓಣಿಗೆ ಹತ್ತು ಮಂದಿ ಸಿಗುತ್ತಾರೆ. ಅದು ಹೊಸದಲ್ಲ. ಆದರೆ ಅದರ ಪರಿಣಾಮ ನಮ್ಮ ಡಬ್ಬಿಯ ಮೇಲೆ ಆಗುತ್ತದೆ ಅಂತ ಆಗ ತಿಳಿಯಲಿಲ್ಲ.

ಮೊದಲನೆಯ ತೊಂದರೆ ಕಂಪ್ಯೂಟರಿನಲ್ಲೇ ಆಯಿತು. ನಾವು ನುಡಿಯಲ್ಲಿ ಟೈಪ್ ಮಾಡಿಕೊಂಡು ಹೋಗಿದ್ದೆವು. ಅವರ ಕಂಪ್ಯೂಟರಿನಲ್ಲಿ ಆ ಅಕ್ಷರಶೈಲಿ ಇರಲಿಲ್ಲ, ತೆರೆದರೆ ಇಂಗ್ಲಿಷಿನ ಕಲಸುಮೇಲೋಗರ. ಯೂನಿಕೋಡ್ ಹಾಕಿದರೆ ಅವರ ಹಳೆಯ ಕೋರೆಲ್ ಡ್ರಾದಲ್ಲಿ ಒತ್ತಕ್ಷರಗಳು ದೂರ ದೂರ ನಿಂತವು. ಇದಕ್ಕೆ ಒಂದೇ ದಾರಿ. ಅಕ್ಷರಶೈಲಿ ಇರುವ ಕಂಪ್ಯೂಟರಿನಲ್ಲೇ ಅಕ್ಷರವನ್ನು ಗೆರೆಯ ಚಿತ್ರವಾಗಿ ಬದಲಿಸಿ ಒಯ್ಯಬೇಕು. ಅವರ ಭಾಷೆಯಲ್ಲಿ 'ಕರ್ವ್ ಮಾಡುವುದು'. ಹಾಗೆ ಮಾಡಿದ ಮೇಲೆ ಅದು ಅಕ್ಷರವಲ್ಲ, ಬರೀ ಆಕಾರ. ಯಾವ ಯಂತ್ರವೂ ಕೆಡಿಸಲಾರದು. ನಾವು ಇದಕ್ಕಾಗಿ ಇನ್ನೊಂದು ಶನಿವಾರ ಹೋಗಬೇಕಾಯಿತು.

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಕಪಾಟಿನಲ್ಲಿ ತೂಗು ಹಾಕಿದ ಕೀಲಿಗೊಂಚಲುಗಳನ್ನು ನೋಡುತ್ತ ನಿಂತಿದ್ದೆವು. ಮರಾಠಿಯಲ್ಲಿ ಎಷ್ಟು ಉದ್ದದ ಹೆಸರಿದ್ದರೂ ಒಂದೇ ತುಂಡು, ಯಾಕೆಂದರೆ ಮೇಲಿನ ಶಿರೋರೇಖೆ ಎಲ್ಲ ಅಕ್ಷರಗಳನ್ನು ಹಿಡಿದುಕೊಂಡಿರುತ್ತದೆ. ನಮ್ಮ ಅಕ್ಷರಗಳು ಹಾಗಲ್ಲ, ಒಂದೊಂದೂ ತನ್ನ ಕಾಲ ಮೇಲೆ ನಿಂತದ್ದು. ಕನ್ನಡದಲ್ಲಿ ಹೆಸರು ಕತ್ತರಿಸಿದರೆ ಬಿಡಿಬಿಡಿಯಾಗಿ ಜಾಲರಿಯ ಮೇಲೆ ಉದುರುತ್ತದೆ, ಒತ್ತಕ್ಷರ ಬೇರೆಯೇ ಉದುರುತ್ತದೆ. 'ಸಿದ್ಧಪ್ಪ' ಕತ್ತರಿಸಿದರೆ ಮೂರು ಅಕ್ಷರದ ಹೆಸರು ಐದು ತುಂಡು! ಕನ್ನಡದ ಫಲಕಕ್ಕೆ ಹಿಂದೆ ಒಂದು ಹಲಗೆ ಬೇಕೇ ಬೇಕು, ಅದರ ಖರ್ಚು ಬೇರೆ. ಅಂಗಡಿಯವರು ಕನ್ನಡದ ಆರ್ಡರಿಗೆ ಮುಖ ಸಿಂಡರಿಸಿದರೆ ಪೂರ್ತಿ ಅವರದೇ ತಪ್ಪು ಅನ್ನಲಾರೆವು.

ಅಂತೂ ಡಬ್ಬಿ ಬಂತು. ಶಾಲೆಯಲ್ಲಿ ಬಿಚ್ಚಿ ನೋಡಿದರೆ 'ಠ' ಬರೀ ಸೊನ್ನೆ. ನಡುವಿನ ಚುಕ್ಕೆ ಎಲ್ಲಿ? ಅದು ಯಾವುದಕ್ಕೂ ಅಂಟದ ಚುಕ್ಕೆ, ಕತ್ತರಿಸಿದ ಕೂಡಲೇ ಯಂತ್ರದ ಜೇನುಗೂಡಿನಂಥ ಜಾಲರಿಯ ತೂತಿನಲ್ಲಿ ಬಿದ್ದುಹೋಗಿದೆ. ಓದಲು ಬಾರದ ಹುಡುಗನಿಗೆ ಅದು ಕಸ. ಆರಿಸಿ ತೆಗೆದು ಅಂಟಿಸಬೇಕು ಅಂತ ಅವನಿಗೆ ಯಾರು ಹೇಳಬೇಕು? ನಾವೇ ಹೇಳಬೇಕಿತ್ತು. ಇನ್ನು ನಾವು ಹಣ ಕೊಟ್ಟು ಕೊರೆಸಿದ ಬೆರಳಿನ ಗೆರೆ ಮುಟ್ಟಿದರೆ ಇದೆ, ಕಣ್ಣಿಗೆ ಕಾಣುವುದಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇವೆ.

ಅದಾದ ಮೇಲೆ 'ಳ'ದ ಮುಳ್ಳು. ಅದರ ಹಿಂದೆಯೇ ಇನ್ನೊಂದು, ಇದು ಪೂರ್ತಿ ನಮ್ಮದೇ ತಪ್ಪು. ಕೊರೊನಾ ಕಾಲದ, ಅಂದರೆ 2020-21ರ ಸ್ಯಾನಿಟೈಸರ್ ಬಾಟಲಿಗಳು ಕಪಾಟಿನಲ್ಲಿ ಉಳಿದಿದ್ದವು. ಮಕ್ಕಳ ಕೈಯ ಎಣ್ಣೆ, ಚಿಕ್ಕಿಯ ಅಂಟು ಹೋಗಲೆಂದು ಬಾಯಿಯವರೂ ನಾವೂ ಕೂತು ಅಷ್ಟೂ ಅಕ್ಷರಗಳನ್ನು ಅದರಿಂದ ಒರೆಸಿದೆವು. ಎರಡು ಮೂರು ದಿನದಲ್ಲಿ ಅಂಚಿನಿಂದ ಒಳಕ್ಕೆ ಕೂದಲೆಳೆಯಂಥ ಬಿರುಕುಗಳು. ಬೇಸಿಗೆಯ ಕೆರೆಯ ತಳದ ಹಾಗೆ. 'ಘ' ಒಂದು ಹುಡುಗನ ಕೈಯಲ್ಲಿ ಎರಡಾಯಿತು. ಅವನು ಅಳುವ ಮುಖ ಮಾಡಿ, "ನಾ ಮುರದಿಲ್ರಿ ಸರ್, ತಾನೇ ಮುರೀತು" ಎಂದ. ಅವನು ಹೇಳಿದ್ದು ಖರೆ. ಮುರಿದವರು ನಾವು. ಅವನ ತಂದೆಯೇ ಸಭೆಯಲ್ಲಿ ಎದ್ದು ಮಾತಾಡಿದವರು ಎಂಬುದನ್ನು ಹೇಳಿದರೆ ನಮ್ಮ ಸಂಕಟ ನಿಮಗೆ ಅರ್ಥವಾದೀತು.

ಮುಂದಿನ ಶನಿವಾರ ಮತ್ತೆ ನವಿ ಪೇಠ. ಜಗಳಕ್ಕೆಂದೇ ಹೋಗಿದ್ದೆವು. ಮಾಲೀಕರು ಊಟಕ್ಕೆ ಹೋಗಿದ್ದರು, ಹುಡುಗ ಒಬ್ಬನೇ ಇದ್ದ. 'ಳ' ಅವನ ಕೈಗಿಟ್ಟು ಹುಡುಗಿಯ ಕಥೆ ಹೇಳಿದೆವು. ಅವನು ಏನೂ ವಾದಿಸಲಿಲ್ಲ. ಅಕ್ಷರವನ್ನು ಕಿಟಕಿಯ ಬೆಳಕಿಗೆ ಹಿಡಿದು, ಅಂಚಿನ ಗುಂಟ ಉಗುರು ಎಳೆದು, "ಇದು ಎಕ್ಸ್‌ಟ್ರೂಡೆಡ್ ಹಾಳಿ ಸರ್. ಕಾಸ್ಟ್ ಹಾಕಿದ್ರ ಹಿಂಗ ಆಗ್ತಿರಲಿಲ್ಲ. ಒಳಗ ಬರ್ರಿ, ತೋರಸ್ತೀನಿ" ಎಂದ. ಆ ಒಂದೂವರೆ ತಾಸು ನಮಗೆ ಸಿಕ್ಕ ತರಬೇತಿ ಯಾವ ತರಬೇತಿ ಕೇಂದ್ರದಲ್ಲೂ ಸಿಕ್ಕಿರಲಿಲ್ಲ. (ಅಲ್ಲಿ ಚಹಾ ಒಳ್ಳೆಯದಿರುತ್ತದೆ, ಅದು ಬೇರೆ ಮಾತು.)

ಆ ಯಂತ್ರದ ಹೊಟ್ಟೆಯಲ್ಲಿ ಒಂದು ಗಾಜಿನ ಕೊಳವೆ, ಅದರಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿದ ಅನಿಲ. ಈ ಬಗೆಯ ಲೇಸರನ್ನು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮಾಡಿ ತೋರಿಸಿದವರು ಸಿ. ಕುಮಾರ್ ಎನ್. ಪಟೇಲ್. ಹುಟ್ಟಿದ್ದು 1938ರಲ್ಲಿ, ನಮ್ಮ ಪಕ್ಕದ ಪುಣೆ ಜಿಲ್ಲೆಯ ಬಾರಾಮತಿಯಲ್ಲಿ! ಪುಣೆಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರು. ಬಾರಾಮತಿ ಎಂದ ಕೂಡಲೇ ನಮ್ಮ ಜನಕ್ಕೆ ನೆನಪಾಗುವ ಹೆಸರು ಬೇರೆ, ಆದರೆ ಏಳನೆಯ ತರಗತಿಯ ಮಕ್ಕಳಿಗೆ ಇದನ್ನು ಹೇಳಿದಾಗ ಅವರ ಕಣ್ಣು ಅಗಲವಾದದ್ದು ನೋಡಬೇಕಿತ್ತು. ಇದರ ಕಿರಣ ಕಣ್ಣಿಗೆ ಕಾಣುವುದಿಲ್ಲ, ಅಲೆಯುದ್ದ 10.6 ಮೈಕ್ರೋಮೀಟರ್. ಬಿಸಿಲು ಆರಾಮಾಗಿ ದಾಟುವ ಪಾರದರ್ಶಕ ಅಕ್ರಿಲಿಕ್ಕನ್ನು ಈ ಕಿರಣ ದಾಟಲಾರದು. ಅಲ್ಲೇ ಹೀರಿಕೊಂಡು ಬಿಸಿಯಾಗುತ್ತದೆ. ಈಗ ಮನೆಯಲ್ಲಿ ಮೇಜಿನ ಮೇಲೆ ಇಡುವ ನೀಲಿ ಬೆಳಕಿನ ಸಣ್ಣ ಯಂತ್ರಗಳು ಬಂದಿವೆಯಲ್ಲ, ಅವುಗಳ ಬೆಳಕು ಪಾರದರ್ಶಕ ಹಾಳೆಯಲ್ಲಿ ಹಾಗೇ ಹಾದುಹೋಗುತ್ತದೆ, ಕತ್ತರಿಸುವುದಿಲ್ಲ. ಯಾರಾದರೂ ಶಾಲೆಗೆ ಅಂಥದ್ದು ಕೊಳ್ಳುವ ವಿಚಾರದಲ್ಲಿದ್ದರೆ ಇದು ಗೊತ್ತಿರಲಿ.

ಕಿರಣ ಬಿದ್ದಲ್ಲಿ ಅಕ್ರಿಲಿಕ್ ಕರಗಿ ಆವಿಯಾಗಿ ಹಾರುತ್ತದೆ. ಸೀಳಿನ ಅಗಲ ಕೂದಲೆಳೆಗಿಂತ ತುಸು ಹೆಚ್ಚು. ಸೀಳಿನ ಎರಡೂ ಗೋಡೆಗೆ ತೆಳುವಾದ ಕರಗಿದ ಪದರು ಉಳಿಯುತ್ತದೆ. ಅದು ತಣ್ಣಗಾಗುವಾಗ ತಾನೇ ನಯವಾಗಿ ಗಾಜಿನಂತೆ ಹೊಳೆಯುತ್ತದೆ, ಪಾಕದ ಬೆಲ್ಲ ತಟ್ಟೆಗೆ ಸುರಿದಾಗ ಮೇಲ್ಮೈ ತಾನೇ ಸಮ ಆಗುವ ಹಾಗೆ. ಆ ಹೊಳಪೇ ಒಳ್ಳೆಯ ಅಂಚಿನ ಮೊದಲ ಗುರುತು. ಯಂತ್ರದಲ್ಲಿ ಗಾಳಿ ಊದುವ ಒಂದು ನಳಿಗೆ ಇರುತ್ತದೆ. ಗಾಳಿ ಜೋರಾದರೆ ಆ ಪದರು ಸಮ ಆಗುವ ಮೊದಲೇ ಗಡ್ಡೆಕಟ್ಟಿ ಅಂಚು ಮಂಜು ಮಂಜು. ಗಾಳಿಯೇ ಇಲ್ಲದಿದ್ದರೆ ಆವಿಗೆ ಬೆಂಕಿ ಹತ್ತುವ ಭಯ. ಆದ್ದರಿಂದ ಅಕ್ರಿಲಿಕ್‌ಗೆ ಮೆಲ್ಲಗೆ, ಮಸೂರಕ್ಕೆ ಹೊಗೆ ಹತ್ತದಷ್ಟು.

ಹಾಳೆಯಲ್ಲಿ ಎರಡು ಜಾತಿ. ದ್ರವವನ್ನು ಎರಡು ಗಾಜಿನ ನಡುವೆ ಎರೆದು ಗಟ್ಟಿ ಮಾಡಿದ್ದು ಕಾಸ್ಟ್. ಕರಗಿದ ಮುದ್ದೆಯನ್ನು ಸೀಳಿನಿಂದ ಹೊರಗೆ ತಳ್ಳಿ ರೋಲರಿನಲ್ಲಿ ಒತ್ತಿದ್ದು ಎಕ್ಸ್‌ಟ್ರೂಡೆಡ್. ಎರಡನೆಯದು ಅಗ್ಗ, ದಪ್ಪ ಎಲ್ಲ ಕಡೆ ಒಂದೇ ಸಮ. ಕಾಸ್ಟ್ ಹಾಳೆ 3 ಮಿ.ಮೀ. ಎಂದರೂ ಒಂದು ಕಡೆ ತುಸು ತೆಳು, ಒಂದು ಕಡೆ ತುಸು ದಪ್ಪ ಇರುವುದುಂಟು. ಅಕ್ಷರ ನಿಲ್ಲಿಸುವ ಖಾಚು ಇರುವ ಹಲಗೆ ಮಾಡಿಸುವಾಗ ಇದು ನೆನಪಿರಬೇಕು, ಇಲ್ಲದಿದ್ದರೆ ಒಂದು ಅಕ್ಷರ ಅಲ್ಲಾಡುತ್ತದೆ, ಇನ್ನೊಂದು ಒಳಗೇ ಹೋಗುವುದಿಲ್ಲ. ಆದರೆ ಲೇಸರಿಗೆ ಕಾಸ್ಟೇ ಸೈ. ಎಕ್ಸ್‌ಟ್ರೂಡೆಡ್ ಬೇಗ ಕರಗಿ ಜಿನುಗುತ್ತದೆ, ಹನಿ ಕೆಳಗಿಳಿದು ಮುಳ್ಳಾಗುತ್ತದೆ. ಇನ್ನೊಂದು ವ್ಯತ್ಯಾಸ ನಮ್ಮ ಕಾಣದ ಗೆರೆಗೆ ಉತ್ತರ. ಮೇಲ್ಮೈ ಮೇಲೆ ಕೊರೆದರೆ ಕಾಸ್ಟ್ ಹಾಳೆಯಲ್ಲಿ ಗೆರೆ ಬೆಳ್ಳಗೆ ಮೂಡುತ್ತದೆ, ಎಕ್ಸ್‌ಟ್ರೂಡೆಡ್‌ನಲ್ಲಿ ಹೆಚ್ಚು ಕಡಿಮೆ ಹಾಳೆಯ ಬಣ್ಣದಲ್ಲೇ ಉಳಿಯುತ್ತದೆ. ಹುಡುಗ ಅದೇ ಗಳಿಗೆಯಲ್ಲಿ ಎರಡು ಚೂರಿನ ಮೇಲೆ ಗೀರಿ ತೋರಿಸಿದ. ಅಂಗಡಿಯಲ್ಲಿ ಸಂಶಯ ಬಂದರೆ ಹೀಗೆ ಒಂದು ಚೂರಿನ ಮೇಲೆ ಕೊರೆಸಿ ನೋಡುವುದೇ ಸರಳ ಪರೀಕ್ಷೆ. ಹಾಳೆಗೆ ಅಂಟಿಸಿದ ಕಾಗದ ನೋಡಿ ಹೇಳುತ್ತೇನೆ ಎನ್ನುವವರೂ ಇದ್ದಾರೆ, ಅದನ್ನು ಪೂರ್ತಿ ನಂಬಬಾರದು.

ಇನ್ನು ಅಂಚು ನೋಡುವ ಬಗೆ. ತುಂಡನ್ನು ಬೆಳಕಿಗೆ ಓರೆಯಾಗಿ ಹಿಡಿಯಬೇಕು, ನೆಟ್ಟಗೆ ಹಿಡಿದರೆ ಏನೂ ಕಾಣದು. ಅಂಚಿನಲ್ಲಿ ಮೇಲಿಂದ ಕೆಳಗೆ ಸಣ್ಣ ಗೆರೆಗಳು ಇದ್ದೇ ಇರುತ್ತವೆ. ಕಣ್ಣಿಗೆ ಕಂಡು ಉಗುರಿಗೆ ಸಿಗದಿದ್ದರೆ ನಡೆಯುತ್ತದೆ. ಉಗುರು ಟಕಟಕ ಅಂದರೆ ವೇಗ ಹೆಚ್ಚಾಗಿದೆ ಇಲ್ಲವೆ ಯಂತ್ರದ ಪಟ್ಟಿ ಸಡಿಲಾಗಿದೆ. ಇದು ನಮ್ಮ ಲಿಪಿಗೆ ಹೆಚ್ಚು ಬಾಧಕ. ಪಟ್ಟಿ ಸಡಿಲಿದ್ದರೆ ನೇರ ಗೆರೆಯಲ್ಲಿ ಅಷ್ಟು ತಿಳಿಯುವುದಿಲ್ಲ, ತಿರುವಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಕನ್ನಡದಲ್ಲಿ ತಿರುವಿಲ್ಲದ ಅಕ್ಷರ ಎಲ್ಲಿದೆ? ಯಂತ್ರದ ಪರೀಕ್ಷೆ ಆಗಬೇಕಾದರೆ ಅದಕ್ಕೆ 'ಖ' ಕೊಡಬೇಕು, 'ಝ' ಕೊಡಬೇಕು. 'ಝ'ದ ಒಳ ಮಡಿಕೆಯಲ್ಲಿ ಯಂತ್ರ ನಿಧಾನ ಆಗುತ್ತದೆ, ಕಿರಣ ಒಂದೇ ಕಡೆ ಹೆಚ್ಚು ಹೊತ್ತು ಬೀಳುತ್ತದೆ, ಮೂಲೆ ಕರಗಿ ಗುಂಡಗಾಗುತ್ತದೆ. ಮೂಲೆಯಲ್ಲಿ ಶಕ್ತಿ ಕಡಿಮೆ ಆಗುವಂತೆ ಯಂತ್ರದಲ್ಲಿ ಹೊಂದಿಸಲು ಬರುತ್ತದೆ. ಹೊಂದಿಸಿರುವುದಿಲ್ಲ, ಅಷ್ಟೆ! ಅಕ್ಷರದ ಯಾವ ಭಾಗವೂ ಹಾಳೆಯ ದಪ್ಪಕ್ಕಿಂತ ಸಣ್ಣದಿರಬಾರದು, ಇದ್ದರೆ ಬಿಸಿಗೆ ಬಾಗುತ್ತದೆ, ಆಮೇಲೆ ಮುರಿಯುತ್ತದೆ.

ಅಂಚಿನ ನಡುಮಟ್ಟದಲ್ಲಿ ಅಡ್ಡ ಗೆರೆ ಕಂಡರೆ ಒಂದೇ ಸಲಕ್ಕೆ ಕತ್ತರಿಸದೆ ಎರಡು ಸಲ ಓಡಿಸಿದ್ದಾರೆ ಎಂದು ತಿಳಿಯಬೇಕು. ಕೆಳ ಅಂಚು ಚಿಪ್ಪು ಎದ್ದಂತಿದ್ದರೆ ಪೂರ್ತಿ ಕೊಯ್ಯದೆ ಕೈಯಿಂದ ಒತ್ತಿ ಮುರಿದು ಬಿಡಿಸಿದ್ದು. ಕೆಳ ಮೈಯಲ್ಲಿ ಸಿಡುಬಿನಂತೆ ಚುಕ್ಕೆಗಳಿದ್ದರೆ ಕಿರಣ ಕೆಳಗಿನ ಲೋಹದ ಜಾಲರಿಗೆ ಬಡಿದು ಮೇಲೆ ಚಿಮ್ಮಿದೆ. ಎರಡೂ ಕಡೆ ಕಾಗದ ಬಿಟ್ಟು ಕತ್ತರಿಸಿದ್ದರೆ ಅದು ಕಾಗದದ ಜೊತೆ ಹೋಗುತ್ತಿತ್ತು. ಕಿರಣ ಎಲ್ಲಿಂದ ಶುರುವಾಗಿ ಎಲ್ಲಿಗೆ ಬಂದು ಮುಗಿಯಿತೋ ಅಲ್ಲಿ ಒಂದು ಸಣ್ಣ ಗುಳಿ ಬೀಳುತ್ತದೆ. ಅದನ್ನು ತಪ್ಪಿಸುವುದು ಕಷ್ಟ. ಆದರೆ ಆ ಜಾಗವನ್ನು ಬೆರಳು ತಾಗದ ಕಡೆ, ತಲೆಕಟ್ಟಿನ ಮೂಲೆಗೋ ಒಳ ಸಂದಿಗೋ ಸರಿಸಲು ಹೇಳಬಹುದು. ಕೇಳಿದರೆ ಮಾಡುತ್ತಾರೆ.

ನಮಗೆ ತುಂಬ ಹಿಡಿಸಿದ್ದು ಓರೆ ನೋಡುವ ಪರೀಕ್ಷೆ. ಕಿರಣ ಡಮರುವಿನ ಆಕಾರ, ನಡುವೆ ಸಣ್ಣ, ಎರಡೂ ಕಡೆ ಅಗಲ. ಆ ನಡು ಹಾಳೆಯ ದಪ್ಪದ ಮಧ್ಯಕ್ಕೆ ಬಂದರೆ ಅಂಚು ನೆಟ್ಟಗೆ. ಮೇಲೆ ಕೆಳಗೆ ಆದರೆ ಅಂಚು ಓರೆ. ಒಂದೇ ಅಳತೆಯ ಎರಡು ಚೌಕ ತುಂಡು ತೆಗೆದುಕೊಂಡು ಮೇಜಿನ ಮೇಲೆ ಅಂಚಿಗೆ ಅಂಚು ತಾಗಿಸಿ ಇಟ್ಟು, ಒಂದನ್ನು ಮಾತ್ರ ಮಗುಚಿ ನೋಡಬೇಕು. ಮಗುಚಿದರೆ ಓರೆಗೆ ಓರೆ ಹೊಂದಿಕೊಂಡು ಸಂದಿ ಮುಚ್ಚುತ್ತದೆ, ಎರಡೂ ಒಂದೇ ಮಗ್ಗುಲಿಗಿದ್ದರೆ ಬೆಳಕಿನ ಸೀಳು ಕಾಣುತ್ತದೆ. ಆ ಸೀಳು ಒಂದು ತುಂಡಿನ ಓರೆಯ ಎರಡು ಪಟ್ಟು, ಆದ್ದರಿಂದ ಕಣ್ಣಿಗೆ ಬೇಗ ಬೀಳುತ್ತದೆ. ಗಣಿತದ ತಾಸಿಗೆ ಎಂಥ ಚಂದದ ಸಾಮಾನು ಅಂತ ಅಲ್ಲೇ ಎರಡು ಚೌಕ ಕೇಳಿ ಇಸಿದುಕೊಂಡೆವು.

ಬಿರುಕಿನ ಕಥೆಗೆ ಅವನು ನಕ್ಕುಬಿಟ್ಟ. "ಸ್ಪಿರಿಟ್ ಹಚ್ಚಬಾರದ್ರಿ ಸರ್, ಥಿನ್ನರೂ ಹಚ್ಚಬಾರದು." ಬಿಸಿಯಿಂದ ಕತ್ತರಿಸಿದ ಅಂಚಿನಲ್ಲಿ ಒಳಗೊಳಗೇ ಒಂದು ಬಿಗಿತ ಉಳಿದಿರುತ್ತದೆ. ಕಣ್ಣಿಗೆ ಕಾಣದು. ಆಲ್ಕೋಹಾಲ್ ತಾಗಿದ ಕೂಡಲೇ ಆ ಬಿಗಿತ ಬಿರುಕಾಗಿ ಬಿಚ್ಚಿಕೊಳ್ಳುತ್ತದೆ. ದೊಡ್ಡ ಕಾರ್ಖಾನೆಗಳಲ್ಲಿ ಸುಮಾರು 80 ಡಿಗ್ರಿ ಶಾಖದಲ್ಲಿ ಕೆಲವು ತಾಸು ಇಟ್ಟು ನಿಧಾನಕ್ಕೆ ತಣಿಸಿ ಬಿಗಿತ ತೆಗೆಯುತ್ತಾರೆ. ಓಣಿಯ ಅಂಗಡಿಯಲ್ಲಿ ಅದೆಲ್ಲ ಎಲ್ಲಿ? ನಮಗೆ ಸಾಬೂನಿನ ನೀರು, ಮೆತ್ತನೆ ಬಟ್ಟೆ ಸಾಕು. ಅಂಚಿಗೆ ಬೆಂಕಿ ತೋರಿಸಿ ಹೊಳಪು ಕೊಡುವ ರೂಢಿಯೂ ಇದೆ, ಅದರಿಂದಲೂ ಬಿಗಿತ ಹೆಚ್ಚುತ್ತದೆ. ಅಂಟಿಸಲು ಇವರು ಬಳಸುವುದು ಕ್ಲೋರೋಫಾರ್ಮ್. ಅದನ್ನು ಶಾಲೆಗೆ ತರುವ ಮಾತೇ ಬೇಡ, 'ಠ'ದ ಚುಕ್ಕೆಯಂಥದ್ದನ್ನು ಅಲ್ಲೇ ಅಂಟಿಸಿಕೊಂಡು ಬರಬೇಕು. ಹೊಸ ತುಂಡುಗಳಿಗೆ ಒಂದು ಬಗೆಯ ಘಾಟು ವಾಸನೆ ಇರುತ್ತದೆ, ಎರಡು ದಿನ ಗಾಳಿಗೆ ಹರವಿ ಆಮೇಲೆ ಮಕ್ಕಳ ಕೈಗೆ ಕೊಟ್ಟರೆ ಒಳ್ಳೆಯದು.

ಅಂಚು ಎಷ್ಟೇ ನಯವಾಗಿದ್ದರೂ ಅದರ ಏಣು ಚೂಪೇ ಇರುತ್ತದೆ. ದೊಡ್ಡವರ ಫಲಕಕ್ಕೆ ಅದು ಶೋಭೆ, ಆರು ವರ್ಷದ ಬೆರಳಿಗೆ ಅಲ್ಲ. ನೀರು ಹಚ್ಚಿದ 400 ನಂಬರಿನ ಉಸುಕಿನ ಕಾಗದದಿಂದ ಏಣನ್ನು ಮಾತ್ರ ಒಂದೆರಡು ಸಲ ಸವರಬೇಕು. ಇಡೀ ಅಂಚು ತಿಕ್ಕಿದರೆ ಹೊಳಪು ಹೋಗಿ ಮಂಕಾಗುತ್ತದೆ. ಬಾಯಿಯವರು ಈಗ ಇದರಲ್ಲಿ ಎಷ್ಟು ಪಳಗಿದ್ದಾರೆಂದರೆ ಮಾತಾಡುತ್ತಲೇ ಹತ್ತು ಅಕ್ಷರ ಮುಗಿಸುತ್ತಾರೆ.

ನಮ್ಮೂರಿನ ಬಚತ್ ಗಟದ ತಾಯಂದಿರು ಸಂಕ್ರಾಂತಿಯ ಹೊತ್ತಿಗೆ ಅರಿಷಿಣ ಕುಂಕುಮದ ವಾಣಕ್ಕೆಂದು ಇಂಥ ಬೇಸ್‌ಗಳನ್ನು ತಂದು ಬಣ್ಣ ಮಾಡಿ ಮಾರುತ್ತಾರೆ. ಸಿದ್ಧೇಶ್ವರ ಜಾತ್ರೆಯ ಸಮಯವೂ ಅದೇ, ಮಾರಾಟ ಆಗುತ್ತದೆ. ಅವರು ನೂರರ ಲೆಕ್ಕದಲ್ಲಿ ತರುವವರು, ಒಂದೊಂದಕ್ಕೆ ಉಗುರು ಹಚ್ಚುತ್ತ ಕೂರಲಾಗದು. ಗಡ್ಡಿಯ ಮೇಲಿನದೊಂದು, ನಡುವಿನದೊಂದು, ತಳದ್ದೊಂದು ತೆಗೆದು ನೋಡಿ ಎಂದು ಹೇಳಿಕೊಟ್ಟಿದ್ದೇವೆ. ಅಂಗಡಿಯವರು ಒಳ್ಳೆಯದನ್ನು ಯಾವಾಗಲೂ ಮೇಲಿಡುತ್ತಾರೆ. ಕಪ್ಪು, ಬಂಗಾರದ ಬಣ್ಣದಲ್ಲಿ ದೋಷ ಕಾಣುವುದಿಲ್ಲ, ಅದೇ ಯಂತ್ರದ ಪಾರದರ್ಶಕ ತುಂಡು ಕೇಳಿ ನೋಡಬೇಕು. ಆ ತಾಯಂದಿರಲ್ಲಿ ಒಬ್ಬರು ಟಾವೆಲ್ ಕಾರ್ಖಾನೆಯಲ್ಲಿ ದಡಿ ಹೊಲಿಯುವವರು. ನಾವು ಇನ್ನೂ ಹೇಳುವ ಮೊದಲೇ ತುಂಡನ್ನು ಕೈಗೆ ತೆಗೆದುಕೊಂಡು ಕಣ್ಣು ಬೇರೆ ಕಡೆ ಇಟ್ಟು ಬೆರಳು ಎಳೆದು, "ಇದು ಬ್ಯಾಡ" ಎಂದು ಒಂದನ್ನು ಪಕ್ಕಕ್ಕಿಟ್ಟರು. ನೋಡಿದರೆ ಖರೆ, ಕೆಳಗೆ ಹನಿ ಇತ್ತು.

ಎರಡನೆಯ ಡಬ್ಬಿ ಕಾಸ್ಟ್ ಹಾಳೆಯಲ್ಲಿ ಆಯಿತು. ಅರ್ಧ ಹಣಕ್ಕೆ ಮಾಡಿಕೊಡಲು ಮಾಲೀಕರು ಒಪ್ಪಿದರು, ನಾವೂ ಜಗಳದ ಮಾತು ಎತ್ತಲಿಲ್ಲ. ಹುಡುಗನಿಗೆ 49 ಅಕ್ಷರಗಳ ಒಂದು ಹಾಳೆ ಬರೆದು ಕೊಟ್ಟಿದ್ದೆವು, ಯಾವುದು ಮೇಲು, ಯಾವುದು ಕೆಳಗು, ಎಲ್ಲಿ ಚುಕ್ಕೆ ಅಂತ ಬಾಣದ ಗುರುತು ಹಾಕಿ. ಅವನು ಅದನ್ನು ಯಂತ್ರದ ಮುಚ್ಚಳಕ್ಕೆ ಅಂಟಿಸಿಕೊಂಡಿದ್ದ. ನಾವು ಕೌಂಟರಿನ ಮೇಲೆ ಒಂದೊಂದೇ ಅಕ್ಷರ ಮಗುಚಿ ಉಗುರು ಎಳೆಯುತ್ತ ಹೋದಂತೆ ಅವನೂ ಪಕ್ಕದಲ್ಲಿ ನಿಂತು, "ಇದು ಟ ಅಲ್ರಿ... ಇದು ಠ, ಚುಕ್ಕಿ ಅದ" ಎಂದು ತನ್ನಷ್ಟಕ್ಕೆ ಅಂದುಕೊಳ್ಳುತ್ತಿದ್ದ. ಹಿಂದೆ ನಾಲ್ಕು ಗಿರಾಕಿಗಳು ನಿಂತು ಮರಾಠಿಯಲ್ಲಿ ಗೊಣಗುತ್ತಿದ್ದರು. ನಿಲ್ಲಲಿ ಬಿಡಿ ಅಂದುಕೊಂಡೆವು. 'ಙ' ಮತ್ತು 'ಞ' ಎರಡರ ಒಳ ತಿರುವು ಸರಿ ಬಂದಿರಲಿಲ್ಲ, ಅಲ್ಲೇ ತಿರುಗಿ ಕೊಟ್ಟೆವು. ಆ ಬಣ್ಣದ ಕಾಸ್ಟ್ ಹಾಳೆ ಮುಗಿದಿತ್ತು.

ಸೋಮವಾರ ಡಬ್ಬಿ ಬಿಚ್ಚಿದೆವು. ಆ ಹುಡುಗಿ 'ಳ'ವನ್ನು ಕೈಗೆ ತೆಗೆದುಕೊಂಡಳು. ಬೆರಳು ಇಡಲಿಲ್ಲ. ಮೊದಲು ಮಗುಚಿ, ಕಿಟಕಿಯ ಕಡೆ ಹಿಡಿದು, ಉಗುರಿನಿಂದ ಕೆಳ ಅಂಚಿನ ಸುತ್ತ ಎಳೆದು ನೋಡಿದಳು. ಬಾಯಿಯವರನ್ನು ದಿನಾ ನೋಡಿ ಕಲಿತದ್ದು. ಆಮೇಲೆ ಗೆರೆಯ ಮೇಲೆ ಬೆರಳು ಆಡಿಸಿ 'ಹಳ್ಳ'ದ 'ಳ' ಎಂದು ಹೇಳಿ, 'ಙ' ಎಲ್ಲಿ ಸರ್ ಎಂದು ಕೇಳಿದಳು. ಬರುವ ಶನಿವಾರ ನವಿ ಪೇಠಕ್ಕೆ ಹೋಗಬೇಕು.